ಅಣ್ಣಿಗೇರಿಯ ಬುರುಡೆಗಳು ಯಾರಿಗೆ ಸಾಕ್ಷಿ?

ಬೆಂಗೇರಿಯಿಂದ ಅಣ್ಣಿಗೇರಿಗೆ ಹೋಗುವುದನ್ನು ಪ್ರವಾಸ ಎಂದರೆ ಹುಬ್ಬಳ್ಳಿ ಮಂದಿ ನಗುತ್ತಾರೆ. ಗದಗ ದಾರಿಯಲ್ಲಿ ಮೂವತ್ತೈದು ಕಿಲೋಮೀಟರಿನ ಆಸುಪಾಸು. ಮುಂಜಾನೆ ಚಹಾ ಕುಡಿದು ಹೊರಟವರು ಊಟದ ಹೊತ್ತಿಗೆ ಮನೆಗೆ ಬಂದಿರುತ್ತಾರೆ. ಬೀಗರ ಮನೆಗೆ, ಕಾಳುಕಡಿ ವ್ಯಾಪಾರಕ್ಕೆ, ಅಮೃತೇಶ್ವರನ ದರ್ಶನಕ್ಕೆ ಜನ ದಿನಾ ಓಡಾಡುವ ದಾರಿ ಅದು. ನಾವು ಹೊರಟಿದ್ದು ಒಂದು ಗಟಾರ ನೋಡಲು.

2010ರ ಆಗಸ್ಟಿನಲ್ಲಿ ಅಣ್ಣಿಗೇರಿಯಲ್ಲಿ ಗಟಾರ ತೋಡುವಾಗ ಮಣ್ಣಿನೊಳಗಿಂದ ಮನುಷ್ಯರ ತಲೆಬುರುಡೆಗಳು ಬಂದವು. ಒಂದೆರಡಲ್ಲ, ನೂರಾರು. ಅದೂ ಯಾರೋ ಸಾಲು ಹಚ್ಚಿ ಇಟ್ಟಂತೆ. ಆಮೇಲೆ ಅವು ಯಾರವು ಎಂಬ ಪ್ರಶ್ನೆಗೆ ಒಂದಾದ ಮೇಲೊಂದು ಉತ್ತರ ಬಂತು. ಉತ್ತರಗಳು ಬದಲಾದವು, ‘ಸಾಬೀತಾಯಿತು’ ಎಂಬ ಮಾತು ಮಾತ್ರ ಬದಲಾಗಲಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನಿಗೆ ಈ ಮಾತಿನ ಮೇಲೆ ಒಂದು ಹಳೆಯ ಸಿಟ್ಟು ಇದ್ದೇ ಇರುತ್ತದೆ.

ಜೊತೆಗೆ ಬಂದವರು ನಮ್ಮ ಓಣಿಯ ದನದ ಡಾಕ್ಟರು. ಅವರೂ ನಿವೃತ್ತರು. ಎಮ್ಮೆಯ ಬಾಯೊಳಗೆ ಕೈ ಹಾಕಿ ವಯಸ್ಸು ಹೇಳುತ್ತ ನೌಕರಿ ಮುಗಿಸಿದ ಮನುಷ್ಯ. ಎಲುಬಿನ ಮಾತು ಬಂದರೆ ನನಗಿಂತ ಅವರ ಮಾತಿಗೇ ತೂಕ ಹೆಚ್ಚು.

ಆಟೋ ಹಿಡಿಯುವ ಮೊದಲು ಖಾದಿ ಸಂಘದ ಕಾಂಪೌಂಡಿನ ಪಕ್ಕ ಹಾಯ್ದೆವು. ಬೆಂಗೇರಿಯ ಹೆಸರು ಊರಾಚೆಯವರಿಗೆ ಗೊತ್ತಿದ್ದರೆ ಇದರಿಂದಲೇ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬಿಐಎಸ್ ಮಾನ್ಯತೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುವುದು ಇಲ್ಲಿ. ಬಾಗಲಕೋಟೆ ಕಡೆಯಿಂದ ಬಂದ ಕೈನೂಲಿನ ಬಟ್ಟೆ ಇಲ್ಲಿ ಬಣ್ಣ ಕಂಡು, ಇಪ್ಪತ್ನಾಲ್ಕು ಅರೆಗಳ ಚಕ್ರ ಅಚ್ಚಾಗಿ, ಹೊಲಿಗೆಯಾಗಿ ದೇಶಕ್ಕೆಲ್ಲ ಹೋಗುತ್ತದೆ. ಆರು ಇಂಚಿನ ಮೇಜಿನ ಬಾವುಟದಿಂದ ಇಪ್ಪತ್ತೊಂದು ಅಡಿ ಉದ್ದದ್ದರವರೆಗೆ. ನೂಲಿನ ಎಣಿಕೆ, ಬಣ್ಣದ ಛಾಯೆ, ಹೊಲಿಗೆ ಎಲ್ಲದಕ್ಕೂ ಪರೀಕ್ಷೆ ಉಂಟು. ಹೊಲಿಗೆ ಕೆಲಸದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

“ಸಾವಿರ ವರ್ಷ ಆದಮ್ಯಾಲೆ ಇಲ್ಲಿ ಅಗದ್ರ ಏನ್ ಸಿಗತೈತಿ ಹೇಳ್ರಿ ಮಾಸ್ತರ?” ಅಂದರು ಡಾಕ್ಟರು.

ಯೋಚಿಸಿದೆ. ಹತ್ತಿಯ ಬಟ್ಟೆ ನಮ್ಮ ಎರೆ ಮಣ್ಣಿನಲ್ಲಿ ಹೆಚ್ಚು ಮಳೆಗಾಲ ತಾಳುವುದಿಲ್ಲ. ಬಣ್ಣ ಹೋಯಿತು, ಚಕ್ರ ಹೋಯಿತು. ಹೊಲಿಗೆ ಮಷಿನ್ನುಗಳ ಕಬ್ಬಿಣ ತುಕ್ಕಿನ ಗಡ್ಡೆಯಾಗಿ ಉಳಿದೀತು, ಗೋಡೆಯ ಪಾಯ ಉಳಿದೀತು, ಚಹಾದ ಕಪ್ಪಿನ ಚೂರುಗಳಂತೂ ಖಂಡಿತ ಉಳಿಯುತ್ತವೆ. ಆಗಿನ ಪಂಡಿತರು ‘ಇಲ್ಲಿ ಅರಿವೆ ಹೊಲಿಯುವ ಕಾರ್ಖಾನೆ ಇತ್ತು’ ಎಂದು ಬರೆದಾರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿ ಹೊಲಿದದ್ದು ಅಂಗಿಯೋ ದೇಶದ ಬಾವುಟವೋ ಎಂಬುದು ಅವರ ಕೈಗೆ ಸಿಗದೆ ಹೋಗುತ್ತದೆ. ಕಾಗದಪತ್ರ ಉಳಿದರೆ ಬೇರೆ ಮಾತು.

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ, 1507 ಮೀಟರ್. 2023ರಲ್ಲಿ ಉದ್ಘಾಟನೆಯಾದದ್ದು. ಹೆಮ್ಮೆ ಇರಲಿ, ಮೊಣಕಾಲು ನೋವಿನವರು ಮಾತ್ರ ಯಾವ ತುದಿಗೆ ಗಾಡಿ ನಿಲ್ಲುತ್ತದೆಂದು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಚುರುಮುರಿಯವನು ಬಂದ, ಹೋದ. ಡಾಕ್ಟರು ಹಳ್ಳೂರಿನ ಕುದುರೆಯ ವಿಷಯ ತೆಗೆದರು. ನಾನು ಅದನ್ನೇ ಕಾಯುತ್ತಿದ್ದೆ.

ಹಳ್ಳೂರು ತುಂಗಭದ್ರೆಯ ದಂಡೆಯ ಊರು, ಈಗಿನ ಹಾವೇರಿ ಜಿಲ್ಲೆ. 1965ರಲ್ಲಿ ಅಲ್ಲಿ ಉತ್ಖನನ ಮಾಡಿದವರು ಎಂ.ಎಸ್. ನಾಗರಾಜರಾವ್. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರಾದರು. ನವಶಿಲಾಯುಗದ ಜನ ದನ ಕಟ್ಟಿ, ರಾಗಿ ಬೆಳೆದು ಬದುಕಿದ ದಿಬ್ಬ ಅದು. ಮೇಲಿನ ಪದರಗಳಲ್ಲಿ ಕಬ್ಬಿಣವೂ ಸಿಕ್ಕಿತು. ಅಲ್ಲಿಯ ಪ್ರಾಣಿಗಳ ಎಲುಬನ್ನು ಪರೀಕ್ಷಿಸಿದವರು ಧಾರವಾಡದ ಪಶುವೈದ್ಯ ಕೆ.ಆರ್. ಆಲೂರ. ಅವರು ಕೆಲವು ಎಲುಬು ಕುದುರೆಯವು ಎಂದರು. 1971ರ ವರದಿಯಲ್ಲಿ ಅದು ಅಚ್ಚಾಯಿತು, ಗದ್ದಲ ಎದ್ದಿತು. ಕುದುರೆಯನ್ನು ಈ ದೇಶಕ್ಕೆ ತಂದವರು ಆರ್ಯರು, ಅವರು ಬಂದದ್ದು ಇಂಥ ಕಾಲದಲ್ಲಿ ಎಂಬ ಲೆಕ್ಕ ಒಂದು ಕಡೆ. ಆ ಲೆಕ್ಕಕ್ಕೆ ಒಗ್ಗದಷ್ಟು ಮುಂಚೆ ಇಷ್ಟು ದಕ್ಷಿಣದಲ್ಲಿ ಕುದುರೆ ಇನ್ನೊಂದು ಕಡೆ. ಆಲೂರರು ಪಟ್ಟು ಬಿಡಲಿಲ್ಲ. ಯಾರ ಸಿದ್ಧಾಂತಕ್ಕೆ ಹೊಂದಲಿ ಬಿಡಲಿ, ಕಂಡ ಎಲುಬು ಕಂಡದ್ದೇ ಎಂಬುದು ಅವರ ನಿಲುವು.

“ಅವರು ಮಾಡಿದ್ದು ಖರೇನ ಐತಿ,” ಅಂದರು ಡಾಕ್ಟರು. “ಆದ್ರ ಕುದುರಿ, ಕತ್ತಿ, ಕಾಡುಗತ್ತಿ, ಮೂರರ ಎಲುಬೂ ಅಣ್ಣತಮ್ಮರಂಗ ಇರ್ತಾವ್ರಿ. ಹಲ್ಲು ಸಿಕ್ರ ಚಲೋ. ಗಿಣ್ಣಿನ ಕೆಳಗಿನ ಎಲುಬು ಇಡಿಯಾಗಿ ಸಿಕ್ರ ಇನ್ನೂ ಚಲೋ. ತುಂಡು ಸಿಕ್ರ ಜಗಳ ಇದ್ದದ್ದ.”

ಇನ್ನೊಂದು ಸಂಗತಿಯನ್ನು ನಾನು ಸೇರಿಸಿದೆ. ಹಳ್ಳೂರಿನ ಕಾಲನಿರ್ಣಯ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆದದ್ದು ಇದ್ದಿಲಿನ ಮೇಲೆ. ಪಕ್ಕದಲ್ಲಿದ್ದ ಇದ್ದಿಲು ಇಷ್ಟು ಹಳೆಯದು, ಎಲುಬು ಅದೇ ಪದರದಲ್ಲಿತ್ತು, ಆದ್ದರಿಂದ ಎಲುಬೂ ಅಷ್ಟೇ ಹಳೆಯದು, ಇದು ತರ್ಕ. ಒಳ್ಳೆಯ ತರ್ಕವೇ. ಆದರೆ ‘ಆದ್ದರಿಂದ’ ಎಂಬುದನ್ನು ಮಣ್ಣು ಹೇಳುವುದಿಲ್ಲ, ನಾವು ಹೇಳುತ್ತೇವೆ.

ಡಾಕ್ಟರು ನಕ್ಕರು. “ಎಲುಬು ಕುದುರಿದು ಅಂತ ಹೇಳಾಕ ಬರತೈತಿ ಮಾಸ್ತರ. ಆ ಕುದುರಿ ಯಾವ ಭಾಷಾದಾಗ ಬೈಸ್ಕೊಳ್ತಿತ್ತು ಅಂತ ಹೆಂಗ ಹೇಳೂದು?”

ಎದುರು ಸೀಟಿನ ಅಜ್ಜ ಈ ಮಾತಿಗೆ ತಲೆಯಾಡಿಸಿದ. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಬೈಸಿಕೊಳ್ಳುವ ಕುದುರೆ ಅಂತೂ ಇಷ್ಟವಾಗಿತ್ತು.

ಹೆಬಸೂರು ದಾಟಿದ ಮೇಲೆ ಎರಡೂ ಕಡೆ ಬರೀ ಎರೆ ಹೊಲ. ಬೇಸಿಗೆ. ಕಡಲೆ, ಕುಸುಬೆ, ಜೋಳ ಎಲ್ಲ ಕಿತ್ತು ಮನೆ ಸೇರಿ, ನೆಲ ಬಾಯಿ ಬಿಟ್ಟಿತ್ತು. ಅಣ್ಣಿಗೇರಿ ಸ್ಟೇಷನ್ನಿನಲ್ಲಿಳಿದು ಊರ ಕಡೆ ನಡೆಯುವಾಗ ಡಾಕ್ಟರು ರಸ್ತೆ ಬಿಟ್ಟು ಹೊಲಕ್ಕಿಳಿದರು. ಒಂದು ಬಿರುಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೈಯ ಬಡಿಗೆಯನ್ನು ಒಳಗೆ ಇಳಿಬಿಟ್ಟರು. ಅರ್ಧ ಬಡಿಗೆ ಒಳಗೆ ಹೋಯಿತು. ತೆಗೆದರೆ ತುದಿಗೆ ಹಸಿ ಮಣ್ಣು. ಮೇಲೆ ಕಾದ ಹಂಚಿನಂಥ ನೆಲ, ಒಂದು ಮೊಳದ ಕೆಳಗೆ ತಂಪು. ಪಕ್ಕದಲ್ಲಿ ಬಿದ್ದಿದ್ದ ಒಡೆದ ಬಳೆಯ ಚೂರನ್ನು ಎತ್ತಿ ಬಿರುಕಿನೊಳಗೆ ಹಾಕಿದರು. ಸದ್ದೂ ಬರಲಿಲ್ಲ.

ಎರೆ ನೆಲದ ಗುಣ ರೈತರಿಗೆ ಗೊತ್ತು. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಸೀಳುತ್ತದೆ. ಮೇಲಿನ ಮಣ್ಣು ಬಿರುಕಿನಲ್ಲಿ ಉದುರುತ್ತದೆ, ಮುಂದಿನ ಮಳೆಗೆ ಒಳಗಿನದು ಒತ್ತಿಕೊಂಡು ಮೇಲೆ ಬರುತ್ತದೆ. ನೇಗಿಲಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುವ ನೆಲ ಇದು. ಉತ್ಖನನದ ಮೊದಲ ಪಾಠವೇ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬುದು. ಈ ನೆಲದಲ್ಲಿ ಆ ಪಾಠವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಕಳೆದ ವರ್ಷದ ಗಾಜಿನ ಬಳೆ ಸಾವಿರ ವರ್ಷದ ಮಡಕೆಯ ಪಕ್ಕ ಹೋಗಿ ಕೂತಿರುತ್ತದೆ. ಒಳ್ಳೆಯ ಉತ್ಖನನಕಾರರು ಬಿರುಕಿನ ಗುರುತನ್ನು ಮೊದಲು ನೋಡಿಕೊಂಡೇ ಪದರದ ಗೆರೆ ಎಳೆಯುತ್ತಾರೆ. ಗಟಾರ ತೋಡುವವರ ಜೆಸಿಬಿಗೆ ಆ ವ್ಯವಧಾನ ಎಲ್ಲಿ?

ಗಟಾರದ ಜಾಗದಲ್ಲಿ ನೋಡಲು ಏನೂ ಇಲ್ಲ. ನೀರು ಹರಿಯುತ್ತಿತ್ತು, ಪ್ಲಾಸ್ಟಿಕ್ ಚೀಲ ತೇಲುತ್ತಿದ್ದವು. ಹತ್ತಿರದ ಚಹಾದಂಗಡಿಯವನನ್ನು ಕೇಳಿದೆ. “ನಾ ಆಗ ಸಾಲಿ ಹುಡುಗ ಇದ್ದೆ ಸರ. ಮೊದಲ ಯುದ್ಧದಾಗ ಸತ್ತವರು ಅಂದ್ರು. ಆಮ್ಯಾಲೆ ಬರಗಾಲದಾಗ ಸತ್ತವರು ಅಂದ್ರು. ನಮ್ಮವ್ವ ಮಾತ್ರ ಆ ಕಡೆ ಹಾಯಬ್ಯಾಡ ಅಂತಿದ್ಳು, ಈಗೂ ಅಂತಾಳ.” ಮೂರು ಅಭಿಪ್ರಾಯಗಳಲ್ಲಿ ಇಂದಿಗೂ ಬದಲಾಗದೆ ನಿಂತದ್ದು ಅವ್ವನದೊಂದೇ.

ಯುದ್ಧದ ಮಾತಿಗೆ ಬಲ ಬಂದದ್ದು ಮೊದಲ ಕಾಲನಿರ್ಣಯದಿಂದ. ಭುವನೇಶ್ವರದ ಭೌತಶಾಸ್ತ್ರ ಸಂಸ್ಥೆ ಕೊಟ್ಟ ಅಂಕಿ 638 ವರ್ಷ, ಅರವತ್ತು ಆಚೀಚೆ. ಲೆಕ್ಕ ಹಾಕಿದರೆ ಹದಿನಾಲ್ಕನೇ ಶತಮಾನದ ಸುತ್ತಮುತ್ತ. ವಿಜಯನಗರ, ಬಹಮನಿ ಎರಡೂ ತಲೆ ಎತ್ತಿ ಈ ಸೀಮೆಗಾಗಿ ಕಾದಾಡಿದ ಕಾಲ. ಬುರುಡೆಗಳು ಸಿಕ್ಕಿವೆ, ಕಾಲ ಸಿಕ್ಕಿದೆ, ಆ ಕಾಲದಲ್ಲೊಂದು ಯುದ್ಧವೂ ಸಿಕ್ಕಿದೆ, ಇನ್ನೇನು ಬೇಕು? ‘ಅರವತ್ತು ಆಚೀಚೆ’ ಎಂಬುದನ್ನು ಯಾರೂ ನಿಧಾನವಾಗಿ ಓದಲಿಲ್ಲ. ಪ್ರಯೋಗಾಲಯದವರ ರೂಢಿಯಲ್ಲಿ ಅದರ ಅರ್ಥ, ನಿಜವಾದ ಅಂಕಿ ಆ ಅಂತರದೊಳಗೆ ಇರುವ ಸಂಭವ ಮೂರರಲ್ಲಿ ಎರಡು ಪಾಲು. ಉಳಿದ ಒಂದು ಪಾಲು ಆಚೆ. ಇಷ್ಟು ಅಗಲದ ಜರಡಿಯಲ್ಲಿ ಹುಡುಕಿದರೆ ನಮ್ಮ ಬೆಳವೊಲದಲ್ಲಿ ಯುದ್ಧ ಸಿಗದ ಶತಮಾನ ಯಾವುದು?

ಮುಂದೆ ಅಮೆರಿಕದ ಪ್ರಯೋಗಾಲಯಕ್ಕೂ ಮಾದರಿ ಹೋಯಿತು. ಅಲ್ಲಿಂದ ಬಂದ ಉತ್ತರ ಬಹಳ ಈಚಿನ ಕಾಲದ್ದು. ಆಗ ಬುರುಡೆಗಳನ್ನು ಹದಿನೆಂಟನೇ ಶತಮಾನದ ಕೊನೆಯ ಮಹಾಕ್ಷಾಮಕ್ಕೆ ಜೋಡಿಸಲಾಯಿತು. 1791-92ರ ಆ ಬರ ಈ ಸೀಮೆಯನ್ನು ಬಡಿದದ್ದು ನಿಜ. ಮಳೆ ಕೈಕೊಟ್ಟಿತ್ತು. ಜೊತೆಗೆ ಟಿಪ್ಪುವಿನ ವಿರುದ್ಧ ಹೊರಟ ಪರಶುರಾಮ ಭಾವುವಿನ ಮರಾಠಾ ದಂಡು ಇಂಗ್ಲಿಷರ ತುಕಡಿಯೊಂದಿಗೆ 1790ರ ಸೆಪ್ಟೆಂಬರಿನಿಂದ ಮುಂದಿನ ಏಪ್ರಿಲ್‌ವರೆಗೆ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ಕೂತಿತ್ತು. ಒಳಗೆ ಬದ್ರುಜ್ಜಮಾನ್ ಖಾನ. ದಂಡಿಗೆ ಬೇಕಾದ ಹುಲ್ಲು, ಕಾಳು, ಎತ್ತು ಎಲ್ಲ ಸುತ್ತಲಿನ ಹಳ್ಳಿಗಳಿಂದಲೇ ಬರಬೇಕು. ಹೂಳುವವರಿಲ್ಲದೆ ಸತ್ತವರ ಎಲುಬು ದಾರಿಯಲ್ಲೂ ಹೊಲದಲ್ಲೂ ಬಿದ್ದಿತ್ತಂತೆ. ಡೋಗಿಬರ, ಅಂದರೆ ಬುರುಡೆಯ ಬರ, ಎಂದೇ ಅದಕ್ಕೆ ಹೆಸರು ಬಿತ್ತು. ಬರದ ಹೆಸರಿನಲ್ಲೇ ಬುರುಡೆ, ಗಟಾರದಲ್ಲೂ ಬುರುಡೆ. ಒಗಟು ಒಡೆಯಿತು ಅಂದರು.

ನನ್ನ ತಕರಾರು ಇಲ್ಲಿ. ಉತ್ತರ ತಪ್ಪು ಎಂದಲ್ಲ, ಸರಿಯೇ ಇರಬಹುದು. ಆದರೆ 1791 ಎಂಬ ಇಸವಿಯನ್ನು ಯಾವ ಯಂತ್ರವೂ ಕೊಟ್ಟಿಲ್ಲ. ಜೀವ ಹೋದ ಮೇಲೆ ಎಲುಬಿನೊಳಗಿನ ವಿಕಿರಣಶೀಲ ಇಂಗಾಲ ಕರಗುತ್ತ ಹೋಗುತ್ತದೆ, 5730 ವರ್ಷಕ್ಕೆ ಅರ್ಧ. ಉಳಿದದ್ದನ್ನು ಅಳೆದು ಕಾಲ ಹೇಳುತ್ತಾರೆ. ಗಾಳಿಯಲ್ಲಿನ ಆ ಇಂಗಾಲದ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇದ್ದಿದ್ದರೆ ಲೆಕ್ಕ ಸುಲಭವಿತ್ತು. ಸುಮಾರು 1650ರಿಂದೀಚೆಗೆ ಸೂರ್ಯನ ಏರಿಳಿತದಿಂದ, ಮುಂದೆ ಕಲ್ಲಿದ್ದಲಿನ ಹೊಗೆಯಿಂದ, ಅದು ಹೆಚ್ಚುಕಡಿಮೆ ಆಗುತ್ತಲೇ ಬಂದಿದೆ. ಹೀಗಾಗಿ ಒಂದೇ ಅಳತೆ ಹದಿನೇಳನೇ ಶತಮಾನದ ಕೊನೆಗೂ ಹೊಂದೀತು, ಹದಿನೆಂಟಕ್ಕೂ ಹೊಂದೀತು, ಹತ್ತೊಂಬತ್ತರ ಆರಂಭಕ್ಕೂ ಹೊಂದೀತು. ಈ ಮೂರು ಶತಮಾನ ಕಾರ್ಬನ್ ಪರೀಕ್ಷೆಯ ಮಂಜುಗಣ್ಣು. ಆ ಮಂಜಿನಲ್ಲಿ 1791ನ್ನು ಆರಿಸಿದ್ದು ಇತಿಹಾಸದ ಪುಸ್ತಕ. ಬರದ ದಾಖಲೆ ಮೊದಲೇ ಕೈಯಲ್ಲಿತ್ತು, ಬುರುಡೆಗಳು ಹೋಗಿ ಅದರಲ್ಲಿ ಕೂತವು.

ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಹದಿನಾಲ್ಕನೇ ಶತಮಾನದ ಯುದ್ಧವೂ ಹೊಂದಿತ್ತಲ್ಲ!

ಎರಡನೆಯ ಪರೀಕ್ಷೆಯ ನಿಜವಾದ ಗೆಲುವು ಬೇರೆಯೇ. ಅದು ಮೊದಲನೆಯ ಕಥೆಯ ಕಾಲು ಮುರಿಯಿತು. ಪುರಾತತ್ವ ‘ಹೌದು’ ಎನ್ನುವಾಗ ತಡವರಿಸುತ್ತದೆ, ‘ಇದಲ್ಲ’ ಎನ್ನುವಾಗ ಗಟ್ಟಿ ದನಿ. ಆ ದನಿಯ ಬೆಲೆ ನಮಗೆ ತಿಳಿದಂತಿಲ್ಲ. ಒಂದು ಕಥೆ ಬಿದ್ದ ಕೂಡಲೇ ಅದೇ ಗೂಟಕ್ಕೆ ಇನ್ನೊಂದನ್ನು ಕಟ್ಟುವ ಅವಸರ ನಮ್ಮದು.

ಇಷ್ಟೆಲ್ಲ ಅಂಕಿಗಳ ನಡುವೆ ಮೂಲೆಗೆ ಬಿದ್ದದ್ದು ಸಾಲು. ಬರದಲ್ಲಿ ಸತ್ತವರು ಸಾಲಾಗಿ ಸಾಯುವುದಿಲ್ಲ. ಯುದ್ಧದಲ್ಲಿಯೂ ಇಲ್ಲ. ಹೆಚ್ಚಾಗಿ ಬುರುಡೆಗಳೇ ಸಿಕ್ಕಿದವು ಎಂದರೆ ಮೈ ಮಣ್ಣಾದ ಮೇಲೆ ಯಾರೋ ಆರಿಸಿ ತಂದಿರಬೇಕು, ಇಲ್ಲವೇ ಕಡಿದು ತಂದಿರಬೇಕು. ಎರಡರಲ್ಲಿ ಯಾವುದಾದರೂ ಜೋಡಿಸಿ ಇಟ್ಟವರ ಕೈಯೊಂದು ಅಲ್ಲಿದೆ. ಸತ್ತವರಿಗಿಂತ ಆ ಕೈ ಯಾರದು ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಯಾವ ಸಂಖ್ಯೆಯೂ ಅದಕ್ಕೆ ಉತ್ತರವಲ್ಲ.

ಬಿಸಿಲು ಏರಿತ್ತು. ಅಮೃತೇಶ್ವರ ಗುಡಿಯ ಒಳಗೆ ಕಾಲಿಟ್ಟರೆ ಅಂಗಾಲಿಗೆ ಹಿತ. ಸುಮಾರು 1050ರ ಕಲ್ಯಾಣ ಚಾಲುಕ್ಯರ ಗುಡಿ, ಎಪ್ಪತ್ತಾರು ಕಂಬ. ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ. ಬೆರಳಾಡಿಸಿದರೆ ಉಂಗುರ ಉಂಗುರವಾಗಿ ಗೆರೆ ಸಿಗುತ್ತದೆ, ಎಲ್ಲೂ ತಡೆಯುವುದಿಲ್ಲ. ಯಾವ ಶಾಸನ ಇಲ್ಲದಿದ್ದರೂ ಈ ಗೆರೆಯೊಂದೇ ಸಾಕು: ಇಷ್ಟು ಭಾರದ ಕಲ್ಲನ್ನು ಅಕ್ಷದ ಮೇಲೆ ತಿರುಗಿಸಬಲ್ಲವರು ಇಲ್ಲಿದ್ದರು. ವಸ್ತುಗಳು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವಾಗ ಸುಳ್ಳು ಹೇಳುವುದಿಲ್ಲ.

ಶಾಸನಗಳ ಮಾತು ಹಾಗಲ್ಲ. ಅಣ್ಣಿಗೇರಿ ಬೆಳವೊಲ ಮುನ್ನೂರರ ರಾಜಧಾನಿ, ಚಾಲುಕ್ಯರ ಕೊನೆಗಾಲದಲ್ಲಿ ನಾಲ್ವಡಿ ಸೋಮೇಶ್ವರನಿಗೂ ಆಸರೆಯಾದ ಊರು. ಗಂಗರ ಬೂತುಗ ಇಲ್ಲಿ ಕಟ್ಟಿಸಿದ ಬಸದಿಯನ್ನು ಚೋಳರು ಸುಟ್ಟರೆಂದು 1071ರ ಹೊತ್ತಿನ ಗಾವರವಾಡದ ಶಾಸನ ಹೇಳುತ್ತದೆ. ಚೋಳ ತನ್ನ ಪಾಪಕ್ಕೆ ರಣರಂಗದಲ್ಲಿ ತಲೆ ತೆತ್ತ ಎಂದೂ ಅದೇ ಶಾಸನ ಹೇಳುತ್ತದೆ. ಬಸದಿ ಹಾಳಾದದ್ದನ್ನು ನಂಬೋಣ. ಪಾಪದ ಲೆಕ್ಕ ಬರೆಸಿದವರು ಪೆಟ್ಟು ತಿಂದ ಪಕ್ಷದವರು ಎಂಬುದನ್ನೂ ನೆನಪಿಡೋಣ. ಗಟಾರದ ಬುರುಡೆಗಳನ್ನು ಈ ಚೋಳರಿಗೂ ಗಂಟು ಹಾಕುವವರು ಸಿಕ್ಕಾರು, ಹೇಳುವಂತಿಲ್ಲ.

ಪಂಪನ ವಿಷಯದಲ್ಲಿ ಊರವರಿಗೆ ಅನುಮಾನವೇ ಇಲ್ಲ. ಅವನು ಇಲ್ಲಿಯೇ ಹುಟ್ಟಿದ. ಗುಡಿಯ ಮುಂದೆ ಮಾತಿಗೆ ಸಿಕ್ಕ ಹಿರಿಯರೊಬ್ಬರು ಓಣಿ ತೋರಿಸಲೂ ಸಿದ್ಧರಿದ್ದರು. ಗಟ್ಟಿ ಆಧಾರ ಇರುವುದು ದೂರದ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ. ಪಂಪನ ತಮ್ಮ ಜಿನವಲ್ಲಭ ಕನ್ನಡ, ಸಂಸ್ಕೃತ, ತೆಲುಗು ಮೂರರಲ್ಲೂ ಕೆತ್ತಿಸಿದ ಬರಹ. ಅದರ ಪ್ರಕಾರ ತಂದೆ ಭೀಮಪಯ್ಯ ವೆಂಗಿನಾಡಿನ ಕಡೆಯವನು. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅಂದರೆ ಅಣ್ಣಿಗೇರಿ ಪಂಪನ ತಾಯಿಯ ತವರು. ಚೊಚ್ಚಲ ಹೆರಿಗೆಗೆ ತವರಿಗೆ ಬರುವ ರೂಢಿ ಈಗಲೂ ಇದೆ, ಆಗಲೂ ಇದ್ದೀತು. ಹೀಗೆ ಒಂದು ಹೆಜ್ಜೆ ನಾವು ಮುಂದಿಟ್ಟರೆ ಪಂಪ ಇಲ್ಲಿ ಹುಟ್ಟುತ್ತಾನೆ. ಬಂಡೆ ಆ ಹೆಜ್ಜೆ ಇಟ್ಟಿಲ್ಲ. ಹಿರಿಯರಿಗೆ ಇದನ್ನು ಹೇಳಿದೆ. “ತಾಯಿ ನಮ್ಮಾಕಿ ಅಂದಮ್ಯಾಲೆ ಮಗ ಯಾರವರಿ?” ಅಂದರು. ಉತ್ತರ ಕೊಡಲು ಹೋಗಲಿಲ್ಲ.

ಪಂಪನಿಗೆ ತಮ್ಮನಿದ್ದ, ಬಸದಿಗೆ ರಾಜನಿದ್ದ, ಗುಡಿಗೆ ದಾನಿಗಳಿದ್ದರು. ಎಲ್ಲರೂ ಕಲ್ಲು ಬರೆಸಿದರು. ಗಟಾರದವರಿಗೆ ಯಾರೂ ಬರೆಸಲಿಲ್ಲ. ಅವರು ಬದುಕಿದ್ದರೆಂಬ ಸುದ್ದಿ ನಮಗೆ ಬಂದದ್ದು ಸಲಿಕೆಯಿಂದ. ಪುರಾತತ್ವ ಯಾಕೆ ಬೇಕು ಎಂದು ಹುಡುಗರು ಕ್ಲಾಸಿನಲ್ಲಿ ಕೇಳಿದಾಗ ನಾನು ಹಂಪಿ, ಬಾದಾಮಿ ಎಂದು ಹೇಳುತ್ತಿದ್ದೆ. ಈಗ ಕೇಳಿದರೆ ಈ ಗಟಾರವನ್ನೇ ತೋರಿಸುತ್ತೇನೆ.

ಊಟಕ್ಕೆ ಖಾನಾವಳಿಯಲ್ಲಿ ಕೂತಾಗ ಡಾಕ್ಟರು ರೊಟ್ಟಿ ಮುರಿಯುತ್ತ ಅಂದರು: “ಅಮೆರಿಕಾ ಯಾಕ ಬೇಕ್ರಿ, ಮೊದಲ ಹಲ್ಲು ಎಣಿಸ್ಬೇಕು.” ಅವರ ಮಾತಿನ ಸಾರ ಇಷ್ಟು. ಹಾಲುಹಲ್ಲು ಇದ್ದರೆ ಮಗು, ಬುದ್ಧಿಹಲ್ಲು ಬಂದಿದ್ದರೆ ದೊಡ್ಡವರು, ಸವೆದಷ್ಟೂ ವಯಸ್ಸು. ಬರ ಮೊದಲು ಒಯ್ಯುವುದು ಕೂಸುಗಳನ್ನು, ಮುದುಕರನ್ನು. ಯುದ್ಧ ಒಯ್ಯುವುದು ಪ್ರಾಯದ ಗಂಡಸರನ್ನು, ಅದೂ ಬುರುಡೆಯ ಮೇಲೆ ಕತ್ತಿಯ ಗೆರೆ ಬಿಟ್ಟು. ಕಡಿದ ಎಲುಬಿನ ಅಂಚು ಹಸಿಯಿದ್ದಾಗ ಒಂದು ರೀತಿ, ಒಣಗಿದ ಮೇಲೆ ಜೆಸಿಬಿ ಹಲ್ಲಿಗೆ ಸಿಕ್ಕಾಗ ಇನ್ನೊಂದು ರೀತಿ. ಹೊಟ್ಟೆಗಿಲ್ಲದೆ ಬೆಳೆದ ಮಗುವಿನ ಹಲ್ಲಿನ ಹೊಳಪಿನ ಮೇಲೆ ಅಡ್ಡ ಗೀರು ಬೀಳುತ್ತದೆ, ಅದು ಸಾಯುವತನಕ ಹೋಗುವುದಿಲ್ಲ. ನೂರಾರು ಬುರುಡೆಗಳಿದ್ದರೆ ಈ ಎಣಿಕೆಯೇ ಒಂದು ಕಥೆಯನ್ನು ಹೊರಗೆ ಹಾಕುತ್ತದೆ.

“ಎರಡೂ ಕಥಿ ಹೊರಗ ಬಿದ್ರ?” ಅಂದೆ.

“ಬೀಳಲಿ ಬಿಡ್ರಿ. ಮೂರನೇದು ಹುಡುಕೂಣು. ಮಜ್ಜಿಗಿ ಹೇಳ್ರಿ ಮೊದಲ.”

ವಾಪಸು ಬರುವಾಗ ಬಸ್ಸು. ಪಕ್ಕದಲ್ಲಿ ಕೂತ ರೈತ ನಮ್ಮ ಮಾತು ಕೇಳಿಸಿಕೊಂಡು, “ಅಗದಲ್ಲೆ ನಿಧಿ ಏನರ ಸಿಕ್ತೇನ್ರಿ?” ಅಂದ. ಹಲ್ಲು ಸಿಕ್ಕಾವ ಅಂದರು ಡಾಕ್ಟರು. ಅವನು ನಗಲಿಲ್ಲ. ತಮ್ಮ ಹೊಲದ ಬದುವಿನ ಮೇಲೂ ಒಂದು ಕಲ್ಲು ಐತಿ, ಕುದುರೆ ಮೇಲೆ ಕತ್ತಿ ಹಿಡಿದವನ ಚಿತ್ರ, ಕೆಳಗೆ ನಾಲ್ಕು ಸಾಲು ಅಕ್ಷರ, ಓದಾಕ ಯಾರೂ ಬಂದಿಲ್ಲ ಅಂದ. ಡಾಕ್ಟರು ಜೇಬಿನಿಂದ ಬಸ್ ಟಿಕೇಟು ತೆಗೆದು ಅದರ ಬೆನ್ನ ಮೇಲೆ ಊರಿನ ಹೆಸರು ಬರೆದುಕೊಂಡರು. ಅಕ್ಷರದ ಮೇಲೆ ಸುಣ್ಣ ಹಚ್ಚಬೇಡಿರೆಂದು ನಾನು ಹೇಳಿದೆ. “ಮನ್ನೆ ಯುಗಾದಿಗೆ ಹಚ್ಚೇವ್ರಿ,” ಅಂದ.